ನಲ್ಲಿ ಎಳೆದರೆ ಬರೀ ನೊರೆ: ಮನೆಯ ಬಿಯರ್ ಕೆಗ್ ಕೈಕೊಟ್ಟಾಗ ಎಲ್ಲಿ ನೋಡಬೇಕು

ಮೂರು ವಾರ ಕಾದು ಮನೆಯಲ್ಲೇ ಮಾಡಿ, ಕೆಗ್ ಅನ್ನುವ ಸ್ಟೀಲ್ ಡಬ್ಬಿಗೆ ತುಂಬಿದ ಬಿಯರ್. ಗೆಳೆಯರು ಎಂಟು ಜನ ಬಂದಿದ್ದಾರೆ. ನಲ್ಲಿಯ ಹಿಡಿ ಎಳೆದೆ. ಲೋಟದಲ್ಲಿ ಮುಕ್ಕಾಲು ನೊರೆ, ತಳದಲ್ಲಿ ಎರಡು ಬೆರಳು ಬಿಯರ್. ಎರಡನೇ ಲೋಟವೂ ಅಷ್ಟೇ, ಮೂರನೆಯದೂ ಅಷ್ಟೇ. ಕೊನೆಗೆ ದೊಡ್ಡ ಜಗ್ ಇಟ್ಟು, ನೊರೆ ಇಳಿಯುವ ತನಕ ಕಾದು, ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅಷ್ಟರಲ್ಲಿ ಗ್ಯಾಸೆಲ್ಲ ಹೋಗಿ ಬಿಯರ್ ಚಪ್ಪೆಯಾಗಿತ್ತು.

ಆ ರಾತ್ರಿ ನಾನು ಮಾಡಿದ ತಪ್ಪನ್ನೇ ಹೆಚ್ಚಿನವರು ಮಾಡುತ್ತಾರೆ. ನೊರೆ ಕಂಡ ಕೂಡಲೇ ಕೈ ಗ್ಯಾಸಿನ ಪ್ರೆಶರ್ ಏರಿಸಿ ಇಳಿಸುವ ರೆಗ್ಯುಲೇಟರ್ ಕಡೆ ಹೋಗುತ್ತದೆ. ಪ್ರೆಶರ್ ಇಳಿಸಿದರೆ ನೊರೆ ಕಡಿಮೆಯಾಗಬೇಕು, ಅಲ್ವಾ? ಅವತ್ತಿಗೆ ಕಡಿಮೆಯಾಗುತ್ತದೆ. ಆದರೆ ಮಾರನೇ ದಿನದಿಂದ ಬಿಯರ್‌ನಲ್ಲಿರುವ ಗ್ಯಾಸ್ ಹೊರಗೆ ಬರಲು ಶುರು. ಪೈಪಿನ ಒಳಗೇ ಗುಳ್ಳೆ ಕಟ್ಟಿ ಕೂರುತ್ತದೆ, ನೊರೆ ಇನ್ನೂ ಜಾಸ್ತಿಯಾಗುತ್ತದೆ. ಒಂದು ದೋಷ ಎರಡಾಯಿತು. ಅದಕ್ಕೇ ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ: ರೆಗ್ಯುಲೇಟರ್ ತಿರುಪು ಮುಟ್ಟುವ ಮೊದಲು ಟಾರ್ಚ್ ಹಿಡಿದು ಪೈಪು ನೋಡಿ. ಗುಳ್ಳೆ ಎಲ್ಲಿ ಹುಟ್ಟುತ್ತಿದೆಯೋ ದೋಷ ಅಲ್ಲೇ ಇರುತ್ತದೆ.

ನಾನಿರುವುದು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಪಕ್ಕದ ಊರಿನಲ್ಲಿ. ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡುವುದು ಕಾನೂನುಬದ್ಧ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಫೆಡರಲ್ ಮಟ್ಟದಲ್ಲಿ ಇದಕ್ಕೆ ದಾರಿಯಾಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಅದೇ ವರ್ಷ ಪಕ್ಕದ ಬೋಲ್ಡರ್ ಊರಿನಲ್ಲೇ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಕೂಡ ಹುಟ್ಟಿತು. ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು: ಅಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಗೆ ಅಂತ ಮಾಡಿದರೂ ಅದೇ ಕಾನೂನು.

ಸಾಮಾನು ಏನೇನು, ಯಾವುದು ಎಲ್ಲಿ

ನನ್ನ ಸೆಟಪ್ ಸಾಧಾರಣದ್ದು. ಒಂದು ಹಳೇ ಫ್ರಿಜ್. ಒಳಗೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಸ್ಟೀಲ್ ಕೆಗ್. ಇವು ಮೊದಲು ಸೋಡಾ ಕಂಪನಿಗಳು ಸಿರಪ್ ತುಂಬಿ ಕಳಿಸುತ್ತಿದ್ದ ಡಬ್ಬಿಗಳು. ಪೈಪು ಸಿಕ್ಕಿಸುವ ಬಗೆ ಎರಡು: ಪೆಪ್ಸಿಯವರದು ಬಾಲ್ ಲಾಕ್, ಕೋಕಾ ಕೋಲಾದವರದು ಪಿನ್ ಲಾಕ್. ಈ ಎರಡರ ಕನೆಕ್ಟರ್ ಒಂದಕ್ಕೊಂದು ಹೊಂದುವುದಿಲ್ಲ.

ಕೆಗ್‌ನ ತಲೆಯ ಮೇಲೆ ಎರಡು ಪೋಸ್ಟ್, ಅಂದರೆ ಕನೆಕ್ಟರ್ ಕೂರುವ ಮೂತಿಗಳು. ಒಂದು ಗ್ಯಾಸ್ ಒಳಗೆ ಹೋಗಲು, ಅದರ ಕೆಳಗೆ ಗಿಡ್ಡ ಕೊಳವೆ. ಇನ್ನೊಂದು ಬಿಯರ್ ಹೊರಗೆ ಬರಲು, ಅದರ ಕೆಳಗೆ ತಳದ ತನಕ ಇಳಿದ ಉದ್ದ ಕೊಳವೆ. ಇದನ್ನು ಡಿಪ್ ಟ್ಯೂಬ್ ಅನ್ನುತ್ತಾರೆ. ಬೂದು ಅಥವಾ ಬಿಳಿ ಕನೆಕ್ಟರ್ ಗ್ಯಾಸಿಗೆ, ಕಪ್ಪು ಬಿಯರಿಗೆ. ಅದಲು ಬದಲು ಹಾಕಿ ಒತ್ತಿದರೆ ಸಿಕ್ಕಿಹಾಕಿಕೊಂಡು ಬಿಡಿಸುವುದೇ ಕಷ್ಟವಾಗುತ್ತದೆ. ಅನುಮಾನ ಬಂದರೆ ಪೋಸ್ಟಿನ ಬುಡ ನೋಡಿ. ಬಾಲ್ ಲಾಕ್ ಕೆಗ್‌ಗಳಲ್ಲಿ ಸಾಮಾನ್ಯವಾಗಿ ಗ್ಯಾಸಿನ ಪೋಸ್ಟಿಗೆ ಸಣ್ಣ ಕಚ್ಚುಗಳಿರುತ್ತವೆ.

ಇನ್ನು 5 ಪೌಂಡಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಅದರ ಮೇಲೆ ಎರಡು ಮೀಟರ್ ಇರುವ ರೆಗ್ಯುಲೇಟರ್, ಬಿಯರ್ ಪೈಪು, ಫ್ರಿಜ್ ಮೇಲೆ ನಿಂತು ನಲ್ಲಿಯನ್ನು ಹೊತ್ತಿರುವ ಟೊಳ್ಳು ಕಂಬ (ಟವರ್), ನಲ್ಲಿ. ಇಷ್ಟೇ.

ನೊರೆ: ಮೊದಲು ಎರಡು ಲೋಟ ಹಿಡಿಯಿರಿ

ಯಾವುದನ್ನೂ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ನಲ್ಲಿಯನ್ನು ಪೂರ್ತಿ ಎಳೆದು ಒಂದು ಲೋಟ ಹಿಡಿಯಿರಿ. ಅರ್ಧ ಎಳೆಯಬೇಡಿ. ನಲ್ಲಿ ಅರ್ಧ ತೆರೆದರೆ ಸಣ್ಣ ಸಂದಿನಲ್ಲಿ ಬಿಯರ್ ನುಗ್ಗಿ ಸುಮ್ನೆ ನೊರೆಯಾಗುತ್ತದೆ. ಅದು ಯಂತ್ರದ ದೋಷ ಅಲ್ಲ, ಕೈಯ ಅಭ್ಯಾಸ. ಲೋಟ ಓರೆ ಇರಲಿ. ಕೂಡಲೇ ಎರಡನೇ ಲೋಟ ಹಿಡಿಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೊರೆ ಇಳಿಯುವ ತನಕ ಬಿಡಿ, ಆಮೇಲೆ ಕುಡಿದು ನೋಡಿ.

ಮೊದಲ ಲೋಟ ಮಾತ್ರ ನೊರೆ, ಎರಡನೆಯದು ಚೆನ್ನಾಗಿದೆ ಅಂದರೆ ನಿಮ್ಮ ಟವರ್ ಬೆಚ್ಚಗಿದೆ. ಎರಡೂ ನೊರೆ, ನೊರೆ ಇಳಿದ ಮೇಲೆ ಬಿಯರ್ ನಾಲಿಗೆಗೆ ಚುರುಕ್ ಅನ್ನುತ್ತದೆ, ಸೋಡಾ ಕುಡಿದ ಹಾಗೆ ಮೂಗಿಗೆ ಏರುತ್ತದೆ ಅಂದರೆ ಗ್ಯಾಸ್ ಜಾಸ್ತಿ ಹಿಡಿದಿದೆ. ಎರಡೂ ನೊರೆ, ಆದರೆ ಬಿಯರ್ ಚಪ್ಪೆ ಅಂದರೆ ಗ್ಯಾಸ್ ಜಾಸ್ತಿ ಹಿಡಿದಿಲ್ಲ, ದಾರಿಯಲ್ಲಿ ಕಳಚಿಕೊಳ್ಳುತ್ತಿದೆ. ಈ ಮೂರನೆಯದನ್ನು ಗುರುತಿಸುವುದೇ ಮುಖ್ಯ. ನೊರೆ ಕಂಡವರೆಲ್ಲ ಗ್ಯಾಸ್ ಜಾಸ್ತಿ ಅಂದುಕೊಳ್ಳುತ್ತಾರೆ. ನನ್ನ ಮನೆಯಲ್ಲಿ ಇದ್ದದ್ದು ಇದೇ ಮೂರನೆಯ ದೋಷ. ನಾನೂ ಗ್ಯಾಸ್ ಜಾಸ್ತಿಯಾಗಿದೆ ಅಂತಲೇ ನಾಲ್ಕು ದಿನ ಕಳೆದೆ.

ಟವರ್ ಬೆಚ್ಚಗಿದ್ದರೆ

ತಣ್ಣನೆ ಗಾಳಿ ಭಾರ, ಕೆಳಗೆ ಕೂರುತ್ತದೆ. ಕೆಗ್ ಇರುವ ತಳದಲ್ಲಿ 38 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 3.3 ಡಿಗ್ರಿ ಸೆಲ್ಸಿಯಸ್ ಇದ್ದರೂ ಫ್ರಿಜ್ ಮೇಲೆ ನಿಂತ ಟವರ್ ಒಳಗೆ ಮನೆಯ ಬಿಸಿ ತಟ್ಟುತ್ತಿರುತ್ತದೆ. ಅಲ್ಲಿ ನಿಂತ ಬಿಯರ್ ಬಿಸಿಯಾಗಿ ಗ್ಯಾಸ್ ಬಿಡುತ್ತದೆ. ಮೊದಲ ಲೋಟದಲ್ಲಿ ಬರುವುದು ಅದೇ. ಅದು ಹೋದ ಮೇಲೆ ತಣ್ಣನೆ ಬಿಯರ್ ಬಂದು ಪೈಪನ್ನೂ ನಲ್ಲಿಯನ್ನೂ ತಂಪು ಮಾಡುತ್ತದೆ, ಎರಡನೆಯದು ಸರಿಯಾಗುತ್ತದೆ.

ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಫ್ರಿಜ್ ತಳದಲ್ಲಿಟ್ಟು, ಅಲ್ಲಿಂದ ಒಂದು ಪೈಪಿನಲ್ಲಿ ತಣ್ಣನೆ ಗಾಳಿಯನ್ನು ಟವರ್ ತುದಿಗೆ ಕಳಿಸಿ. ಟವರ್ ಒಳಗೋಡೆಗೆ ಫೋಮ್ ಸುತ್ತಿ. ನನಗೆ ಇದಕ್ಕೆ ಅರ್ಧ ದಿನ ಸಾಕಾಯಿತು.

ಉಷ್ಣತೆ ಅಳೆಯುವಾಗ ಗಾಳಿಯನ್ನು ಅಳೆಯಬೇಡಿ. ಬಾಗಿಲು ತೆರೆದ ಕ್ಷಣಕ್ಕೇ ಗಾಳಿಯ ಅಳತೆ ಬದಲಾಗುತ್ತದೆ. ಒಂದು ಲೋಟ ನೀರನ್ನು ಕೆಗ್ ಪಕ್ಕ ರಾತ್ರಿಯಿಡೀ ಇಟ್ಟು ಬೆಳಗ್ಗೆ ಅದರಲ್ಲಿ ಥರ್ಮಾಮೀಟರ್ ಇಳಿಸಿ. ಅದೇ ಬಿಯರಿನ ನಿಜವಾದ ಅಳತೆ.

ಗ್ಯಾಸ್ ಜಾಸ್ತಿ ಹಿಡಿದಿದ್ದರೆ

ಬೇಗ ಆಗಲಿ ಅಂತ ಪ್ರೆಶರನ್ನು 30 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಪ್ರೆಶರಿನ ಅಳತೆ) ಏರಿಸಿ ಕೆಗ್ ಅಲುಗಾಡಿಸಿದವರಿಗೆ ಸಾಮಾನ್ಯವಾಗಿ ಬರುವ ತೊಂದರೆ ಇದು. ಗ್ಯಾಸ್ ಲೈನ್ ಕಳಚಿ. ಕೆಗ್ ಮುಚ್ಚಳದ ಮೇಲಿನ ಉಂಗುರ ಎಳೆದು ಒಳಗಿನ ಪ್ರೆಶರ್ ಬಿಡಿ. ಕೆಲವು ಗಂಟೆ ಬಿಟ್ಟು ಮತ್ತೆ ಎಳೆಯಿರಿ. ದಿನವಿಡೀ ಹೀಗೆ ಮಾಡಿದರೆ ಇಳಿಯುತ್ತದೆ. ಒಮ್ಮೆಲೇ ಪೂರ್ತಿ ತೆರೆದು ಹಿಡಿಯಬೇಡಿ, ಹಾಲು ಉಕ್ಕಿದ ಹಾಗೆ ನೊರೆ ಮೇಲೆ ಬಂದು ಕವಾಟದಲ್ಲಿ ಅಂಟಿಕೊಳ್ಳುತ್ತದೆ.

ಮುಂದಿನ ಸಲ ಅವಸರ ಬೇಡ. ಬಡಿಸುವ ಪ್ರೆಶರಿನಲ್ಲೇ ಇಟ್ಟು ಹತ್ತು ಹದಿನಾಲ್ಕು ದಿನ ಬಿಟ್ಟುಬಿಡಿ. ಎಷ್ಟು ಬೇಕೋ ಅಷ್ಟೇ ಹಿಡಿಯುತ್ತದೆ, ಒಂದು ಗುಟುಕೂ ಹಾಳಾಗುವುದಿಲ್ಲ.

ಗ್ಯಾಸ್ ದಾರಿಯಲ್ಲಿ ಕಳಚಿಕೊಳ್ಳುತ್ತಿದ್ದರೆ

ನನ್ನ ಕೆಗ್‌ಗೆ ಬರೋಣ. ಇಲ್ಲಿ ಒಂದಲ್ಲ, ಮೂರು ಕಾರಣ ಒಂದರ ಮೇಲೊಂದು ಕೂತಿದ್ದವು.

ಮೊದಲನೆಯದು ಊರಿನ ಎತ್ತರ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಮೇಲಿದೆ, ಸರಿಯಾಗಿ ಒಂದು ಮೈಲಿ. ಪುಸ್ತಕಗಳಲ್ಲಿರುವ ಪ್ರೆಶರ್ ಪಟ್ಟಿ ಸಮುದ್ರಮಟ್ಟದವರಿಗೆ ಮಾಡಿದ್ದು. 38 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 12 ಪಿಎಸ್‌ಐ ಇಟ್ಟರೆ ಒಂದು ಲೀಟರ್ ಬಿಯರಿಗೆ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಹಿಡಿಯುತ್ತದೆ ಅಂತ ಅದು ಹೇಳುತ್ತದೆ. ಆದರೆ ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಇಲ್ಲಿ ಸುಮಾರು 12. ಅದಕ್ಕೇ ಎರಡು ಸಾವಿರ ಅಡಿಗೆ ಒಂದು ಪಿಎಸ್‌ಐ ಲೆಕ್ಕದಲ್ಲಿ ಕೂಡಿಸಿಕೊಳ್ಳಬೇಕು. ನನಗೆ 12 ಅಲ್ಲ, 14ರಿಂದ 14.5 ಬೇಕು. ನಾನು ಪಟ್ಟಿ ನೋಡಿ 12 ಇಟ್ಟಿದ್ದೆ. ನೊರೆ ಬಂದ ಮೇಲೆ 8ಕ್ಕೆ ಇಳಿಸಿದೆ. ಬಿಯರ್ ಮೊದಲೇ ಬಡವಾಗಿತ್ತು, ನಾನು ಇನ್ನೂ ಸೊರಗಿಸಿದೆ. ಮೈಸೂರು ಸುಮಾರು 2,500 ಅಡಿ, ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿವೆ. ಅಲ್ಲಿನ ಬಾರ್‌ಗಳಲ್ಲಿ ಕೆಗ್ ನೋಡಿಕೊಳ್ಳುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಎರಡನೆಯದು ಪೈಪು. ಕಿಟ್ ಜೊತೆ ಬಂದದ್ದು 5 ಅಡಿ ಪೈಪು, ಒಳಗಿನ ತೂತು 3/16 ಇಂಚು. ಅದೇ ವಾರ ಊರಿಂದ ಅಪ್ಪ ವಿಡಿಯೊ ಕಾಲ್ ಮಾಡಿದ್ದರು. ತೋಟಕ್ಕೆ ನೀರು ಬಿಡುವುದೇ ಅವರ ಬದುಕು. ಬಿಯರ್ ಅವರು ಮುಟ್ಟಿದವರಲ್ಲ. ಫ್ರಿಜ್ ಒಳಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಏನೋ, ಮೋಟರ್ ಇಷ್ಟು ಹತ್ತಿರ ಇಟ್ಟು ಪೈಪು ಇಷ್ಟು ಗಿಡ್ಡ ಮಾಡಿದ್ರೆ ನೀರು ಚಿಮ್ಮದೆ ಇನ್ನೇನು ಮಾಡುತ್ತೆ? ಉದ್ದ ಪೈಪು ಹಾಕು. ಪೈಪೇ ಪ್ರೆಶರ್ ತಿನ್ನಬೇಕು" ಅಂದರು.

ವಿಷಯ ಅಷ್ಟೇ. ಕೆಗ್ ಒಳಗೆ 14 ಪಿಎಸ್‌ಐ ಇದೆ, ನಲ್ಲಿಯ ಬಾಯಲ್ಲಿ ಸೊನ್ನೆ. ಈ ಇಳಿತ ಮೆಲ್ಲಗೆ ಆಗಬೇಕು. ಉದ್ದನೆಯ ಸಣ್ಣ ಪೈಪಿನ ಗೋಡೆಗೆ ಉಜ್ಜಿಕೊಂಡು ಬಂದರೆ ಬಿಯರ್ ಸುಸ್ತಾಗಿ, ತಣ್ಣಗೆ ಲೋಟಕ್ಕೆ ಬೀಳುತ್ತದೆ. ಗಿಡ್ಡ ಪೈಪಿನಲ್ಲಿ ನಲ್ಲಿಯ ಬಾಯಲ್ಲಿ ಒಮ್ಮೆಲೇ ಬಿಡುಗಡೆಯಾಗಿ ಸಿಡಿಯುತ್ತದೆ. ಗ್ಯಾಸೆಲ್ಲ ಅಲ್ಲೇ ನೊರೆಯಾಗಿ ಹೋಗುತ್ತದೆ. ಅದಕ್ಕೇ ನೊರೆಯೂ ಇದೆ, ಬಿಯರ್ ಚಪ್ಪೆಯೂ ಇದೆ.

3/16 ಪೈಪು ಅಡಿಗೆ ಎರಡರಿಂದ ಮೂರು ಪಿಎಸ್‌ಐ ತಿನ್ನುತ್ತದೆ ಅಂತ ಲೆಕ್ಕ ಹೇಳುತ್ತಾರೆ. ಆ ಲೆಕ್ಕದಲ್ಲಿ 5 ಅಡಿ ಸಾಕು ಅನ್ನಿಸುತ್ತದೆ. ಆದರೆ ಅದು ಒಂದರ ಹಿಂದೆ ಒಂದು ಲೋಟ ತುಂಬುವ ಬಾರಿನ ವೇಗಕ್ಕೆ ಹೊಂದುವ ಲೆಕ್ಕ. ಮನೆಯಲ್ಲಿ ಹತ್ತಡಿಗಿಂತ ಕಡಿಮೆ ಇಡಬೇಡಿ ಅಂತಲೇ ನನ್ನ ಸಲಹೆ. ನಾನು 12 ಅಡಿ ಹಾಕಿ, ಸುರುಳಿ ಸುತ್ತಿ ಕೆಗ್ ತಲೆಯ ಮೇಲಿಟ್ಟೆ. ಒಂದು ಅಮೆರಿಕನ್ ಪಿಂಟ್, ಅಂದರೆ 473 ಮಿಲಿ ಲೋಟ, ಹತ್ತು ಸೆಕೆಂಡಿನ ಹತ್ತಿರ ತುಂಬಿದರೆ ಸರಿಯಾಗಿದೆ ಅಂತ. ತುಂಬಾ ನಿಧಾನವಾದರೆ ಅರ್ಧರ್ಧ ಅಡಿ ಕತ್ತರಿಸುತ್ತಾ ಬನ್ನಿ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಇದ್ದರೆ ಹೊಸದೇ ತರಬೇಕು. ಮತ್ತೆ ಕೊಳ್ಳುವಾಗ ತೂತಿನ ಅಳತೆ ಓದಿ. 1/4 ಇಂಚಿನದು ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತರ ಕಾಣುತ್ತದೆ, ಆದರೆ ಅಡಿಗೆ ಒಂದು ಪಿಎಸ್‌ಐ ಕೂಡ ತಿನ್ನುವುದಿಲ್ಲ.

ಪೈಪಿನ ತುದಿ ಕನೆಕ್ಟರಿಗೆ ಏರುವುದಿಲ್ಲ ಅಂತ ಬಲ ಹಾಕಬೇಡಿ. ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾಗಿ ಸಲೀಸಾಗಿ ಏರುತ್ತದೆ. ಮೇಲೆ ಕ್ಲಾಂಪ್ ಬಿಗಿ ಮಾಡಿ.

ಇಷ್ಟಾದ ಮೇಲೆ ನೊರೆ ಮುಕ್ಕಾಲಿನಿಂದ ಕಾಲು ಲೋಟಕ್ಕೆ ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. ನಲ್ಲಿ ಎಳೆದಾಗ ನಡುನಡುವೆ "ಫುಸ್" ಅಂತ ಉಗುಳುತ್ತಿತ್ತು.

ಆ ಸಣ್ಣ ಓ-ರಿಂಗ್

ಫ್ರಿಜ್ ಬಾಗಿಲು ತೆರೆದು ಮಂಡಿಯೂರಿ ಕೂತೆ. ಹೆಂಡತಿ ನಲ್ಲಿ ಎಳೆದಳು, ನಾನು ಪೈಪಿಗೆ ಟಾರ್ಚ್ ಬಿಟ್ಟೆ. ನಲ್ಲಿಯ ಹತ್ತಿರ ಏನೂ ಇಲ್ಲ. ಸುರುಳಿಯ ನಡುವೆಯೂ ಏನೂ ಹುಟ್ಟುತ್ತಿಲ್ಲ. ಬೆಳಕನ್ನು ಕೆಳಗೆ ತಂದೆ. ಕಪ್ಪು ಕನೆಕ್ಟರಿನಿಂದ ಪೈಪು ಹೊರಡುವ ಜಾಗದಲ್ಲೇ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಸಾಸಿವೆ ಕಾಳಿಗಿಂತ ಸಣ್ಣವು. ಒಂದರ ಹಿಂದೊಂದು, ಇರುವೆ ಸಾಲಿನ ಹಾಗೆ. ಅಂದರೆ ಬಿಯರ್ ಪೈಪಿಗೆ ಬರುವ ಮೊದಲೇ, ಕೆಗ್ ತಲೆಯಲ್ಲೇ ಗ್ಯಾಸ್ ಸೇರಿಕೊಳ್ಳುತ್ತಿದೆ.

ಅಲ್ಲಿ ಗ್ಯಾಸ್ ಎಲ್ಲಿಂದ ಬರುತ್ತದೆ? ಡಿಪ್ ಟ್ಯೂಬಿನ ಮೇಲ್ತುದಿಯಲ್ಲಿ ಒಂದು ಅಂಚು ಇದೆ. ಅದು ಕೆಗ್‌ನ ಬಾಯಿಯ ಮೇಲೆ ಕೂರುತ್ತದೆ. ನಡುವೆ ಒಂದು ಸಣ್ಣ ರಬ್ಬರ್ ಓ-ರಿಂಗ್. ಅದು ಕೆಟ್ಟರೆ ಬಿಯರಿನ ಮೇಲಿರುವ ಗ್ಯಾಸ್ ಆ ಸಂದಿನಿಂದ ನುಸುಳಿ, ಏರಿ ಬರುವ ಬಿಯರ್ ಜೊತೆ ಸೇರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಸೋಪಿನ ನೀರು ಹಚ್ಚಿದರೂ ಸಿಗುವುದಿಲ್ಲ, ಯಾಕೆಂದರೆ ಸೋರುತ್ತಿರುವುದು ಒಳಗಿಂದ ಒಳಗೆ. ಪೈಪು ನೋಡದೆ ಇದನ್ನು ಹಿಡಿಯುವುದು ಬಹಳ ಕಷ್ಟ.

ಬಿಚ್ಚುವ ಕ್ರಮ ಹೀಗೆ. ಗ್ಯಾಸ್ ಕಳಚಿ. ಮುಚ್ಚಳದ ಉಂಗುರ ಎಳೆದು ಪ್ರೆಶರ್ ಪೂರ್ತಿ ಬಿಡಿ. ಶಬ್ದ ನಿಂತ ಮೇಲೂ ಇನ್ನೊಮ್ಮೆ ಎಳೆಯಿರಿ. ಪ್ರೆಶರ್ ಇರುವಾಗ ಪೋಸ್ಟ್ ಬಿಚ್ಚಿದರೆ ಅದು ಮುಖಕ್ಕೆ ಹಾರುತ್ತದೆ, ಇದು ತಮಾಷೆಯ ವಿಷಯ ಅಲ್ಲ. ಆಮೇಲೆ ಪೋಸ್ಟಿಗೆ ಹೊಂದುವ ಡೀಪ್ ಸಾಕೆಟ್ ಸ್ಪ್ಯಾನರ್ ಹಾಕಿ ತಿರುಗಿಸಿ. ಡಿಪ್ ಟ್ಯೂಬ್ ಮೇಲೆತ್ತಿ. ಓ-ರಿಂಗ್ ತೆಗೆದು ಬೆರಳ ತುದಿಯಲ್ಲಿ ಸ್ವಲ್ಪ ಹಿಗ್ಗಿಸಿ ನೋಡಿ. ಸುಮ್ಮನೆ ಇಟ್ಟು ನೋಡಿದರೆ ಸೀಳು ಕಾಣುವುದಿಲ್ಲ. ನನ್ನದರಲ್ಲಿ ಉಗುರಿನ ಗೀರಿನಷ್ಟು ಒಂದು ಬಿರುಕು ಇತ್ತು. ಹಿಗ್ಗಿಸಿದಾಗ ಬಾಯಿ ತೆರೆಯಿತು.

ಹೊಸದನ್ನು ಹಾಕುವಾಗ ಆಹಾರಕ್ಕೆ ಒಗ್ಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಜೆಲ್ಲಿ ಕೆಲವು ರಬ್ಬರುಗಳನ್ನು ಕೆಡಿಸುತ್ತದೆ. ಎರಡು ಪೋಸ್ಟುಗಳನ್ನೂ ಬಿಚ್ಚಿದ್ದರೆ ಅದಲು ಬದಲಾಗದ ಹಾಗೆ ಗುರುತು ಮಾಡಿಕೊಳ್ಳಿ. ಬಳಸಿದ ಕೆಗ್ ಕೊಂಡವರು ಮೊದಲ ದಿನವೇ ಎಲ್ಲ ಓ-ರಿಂಗ್ ಬದಲಾಯಿಸಿಬಿಡಿ. ಪೂರ್ತಿ ಸೆಟ್ಟಿನ ಬೆಲೆ ಒಂದು ಲೋಟ ಬಿಯರಿನ ಬೆಲೆಗಿಂತ ಜಾಸ್ತಿ ಇರುವುದಿಲ್ಲ.

ಮಾರನೇ ಸಂಜೆ ನಲ್ಲಿ ಎಳೆದಾಗ ಉಗುಳಲಿಲ್ಲ. ಲೋಟದ ಮೇಲೆ ಎರಡು ಬೆರಳು ನೊರೆ, ಕೆಳಗೆ ತಿಳಿ ಬಿಯರ್.

ಮೂರನ್ನೂ ಒಂದೇ ದಿನ ಬದಲಾಯಿಸಿದ್ದರೆ ಯಾವುದು ಕಾರಣ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಬದಲಾಯಿಸಿ, ಒಂದು ದಿನ ಬಿಡಿ, ಎರಡು ಲೋಟದ ಪರೀಕ್ಷೆ ಮತ್ತೆ ಮಾಡಿ. ಫ್ರಿಜ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ ಬರೆದಿಡಿ: ತಾರೀಖು, ಪ್ರೆಶರ್, ನೀರಿನ ಲೋಟದ ಉಷ್ಣತೆ, ಏನು ಬದಲಾಯಿಸಿದಿರಿ.

ನಲ್ಲಿಯ ಹತ್ತಿರ ಗುಳ್ಳೆ ನಿಂತಿದ್ದರೆ

ಕೆಗ್ ಹತ್ತಿರ ಸ್ವಚ್ಛವಾಗಿದ್ದು, ಪೈಪಿನ ಮೇಲ್ಭಾಗದಲ್ಲಿ ಗ್ಯಾಸಿನ ಉದ್ದ ತುಂಡುಗಳು ನಿಂತಿದ್ದರೆ ಎರಡೇ ಕಾರಣ. ಪೈಪು ಕೆಗ್‌ಗಿಂತ ಬೆಚ್ಚಗಿದೆ, ಇಲ್ಲವೇ ಬಿಯರಿನಲ್ಲಿರುವ ಗ್ಯಾಸಿಗೆ ಬೇಕಾದಷ್ಟು ಪ್ರೆಶರ್ ನೀವು ಕೊಟ್ಟಿಲ್ಲ. ಎರಡನೆಯದಾದರೆ ಪ್ರೆಶರ್ ಏರಿಸಬೇಕು. ನೊರೆ ಬರುವಾಗ ಪ್ರೆಶರ್ ಏರಿಸು ಅಂದರೆ ಮನಸ್ಸು ಒಪ್ಪುವುದಿಲ್ಲ. ಆದರೂ ಏರಿಸಿ, ಒಂದು ದಿನ ಬಿಟ್ಟು ನೋಡಿ.

ನೊರೆಯೇ ನಿಲ್ಲದಿದ್ದರೆ

ಇದು ಉಲ್ಟಾ ದೂರು. ಲೋಟಕ್ಕೆ ಬಿದ್ದ ನೊರೆ ಕ್ಷಣದಲ್ಲಿ ಮಾಯ, ಗೋಡೆಗೆ ಗುಳ್ಳೆಗಳು ಅಂಟಿಕೊಂಡಿವೆ. ಮೊದಲು ಲೋಟವನ್ನೇ ಅನುಮಾನಿಸಿ. ನಮ್ಮ ಮನೆಗಳಲ್ಲಿ ಮಜ್ಜಿಗೆ ಕುಡಿದ ಲೋಟ, ತುಪ್ಪದ ಕೈ ಸೋಕಿದ ಲೋಟ ಎಲ್ಲ ಒಂದೇ ಸ್ಪಂಜಿನಲ್ಲಿ ತೊಳೆಯುತ್ತೇವೆ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಲೋಟ ಒದ್ದೆ ಮಾಡಿ ಒಳಗೆ ಉಪ್ಪು ಉದುರಿಸಿ. ಶುದ್ಧ ಗಾಜಿಗೆ ಉಪ್ಪು ಎಲ್ಲ ಕಡೆ ಒಂದೇ ಸಮ ಅಂಟುತ್ತದೆ, ಜಿಡ್ಡಿರುವ ಕಡೆ ಅಂಟುವುದಿಲ್ಲ. ಬಿಯರ್ ಲೋಟಕ್ಕೆ ಬೇರೆ ಸ್ಪಂಜ್ ಇಟ್ಟುಕೊಳ್ಳಿ.

ಏನೂ ಬರದಿದ್ದರೆ

ಸಿಲಿಂಡರ್ ತೆರೆದಿದೆಯಾ, ಕನೆಕ್ಟರ್ "ಕಟ್" ಅಂತ ಕೂತಿದೆಯಾ ನೋಡಿ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಜಾಸ್ತಿ ಹಾಕಿದ ಬಿಯರ್ ಆದರೆ ಅದರ ಚೂರು ಪೋಸ್ಟಿನೊಳಗಿನ ಸ್ಪ್ರಿಂಗ್ ಕವಾಟದಲ್ಲಿ ಸಿಕ್ಕಿರುತ್ತದೆ. ಪ್ರೆಶರ್ ಬಿಟ್ಟು, ಬಿಚ್ಚಿ ತೊಳೆಯಿರಿ. ಫ್ರಿಜ್ ಹಿಂಗೋಡೆಗೆ ತಾಗಿದ ಪೈಪಿನಲ್ಲಿ ಬಿಯರ್ ಹೆಪ್ಪುಗಟ್ಟಿರುವುದೂ ಉಂಟು. ಸಾಧಾರಣ ಬಿಯರ್ ಮೈನಸ್ 2 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೆಪ್ಪುಗಟ್ಟುತ್ತದೆ.

ಸಿಲಿಂಡರ್ ಬೇಗ ಖಾಲಿಯಾದರೆ

5 ಪೌಂಡಿನ ಸಿಲಿಂಡರ್ ಐದಾರು ಕೆಗ್‌ಗಾದರೂ ಬರಬೇಕು. ಒಂದೇ ಕೆಗ್‌ಗೆ ಮುಗಿಯಿತು ಅಂದರೆ ಎಲ್ಲೋ ಸೋರುತ್ತಿದೆ. ಆದರೆ ಸಿಲಿಂಡರಿನ ಪ್ರೆಶರ್ ತೋರಿಸುವ ದೊಡ್ಡ ಮೀಟರ್ ನೋಡಿ ಹೆದರಬೇಡಿ. ಒಳಗಿರುವುದು ದ್ರವ ರೂಪದ ಗ್ಯಾಸ್. ದ್ರವ ಇರುವ ತನಕ ಮೀಟರ್ ತೋರಿಸುವುದು ಉಷ್ಣತೆಗೆ ತಕ್ಕ ಪ್ರೆಶರ್ ಮಾತ್ರ. ಕೋಣೆಯಲ್ಲಿ 800 ಪಿಎಸ್‌ಐ ದಾಟಿದ್ದು ಫ್ರಿಜ್ ಒಳಗೆ ಪೂರ್ತಿ ತಣ್ಣಗಾದ ಮೇಲೆ 550ರ ಒಳಗೆ ಇಳಿಯುತ್ತದೆ. ಸೋರಿದ್ದಲ್ಲ, ತಣ್ಣಗಾದದ್ದು. ಎಷ್ಟು ಉಳಿದಿದೆ ಅಂತ ತಿಳಿಯಲು ತಕ್ಕಡಿಯೇ ದಾರಿ. ಸಿಲಿಂಡರ್ ಹೆಗಲ ಮೇಲೆ ಖಾಲಿ ತೂಕ ಅಚ್ಚು ಹಾಕಿರುತ್ತಾರೆ, ಅದನ್ನು ಕಳೆಯಿರಿ.

ಸೋರಿಕೆ ಹುಡುಕಲು ಸಿಲಿಂಡರ್ ವಾಲ್ವ್ ಮುಚ್ಚಿ, ಕೆಗ್‌ಗೆ ಹೋಗುವ ಪ್ರೆಶರ್ ತೋರಿಸುವ ಸಣ್ಣ ಮೀಟರಿನ ಅಳತೆ ಬರೆದಿಟ್ಟು, ಬೆಳಗ್ಗೆ ನೋಡುತ್ತೇವೆ. ಇಲ್ಲಿ ಒಂದು ಎಚ್ಚರ ಬೇಕು. ಹೊಸ ಬಿಯರ್ ಇನ್ನೂ ಗ್ಯಾಸ್ ಹೀರುತ್ತಿದ್ದರೆ ಸೋರದೇ ಹೋದರೂ ಮೀಟರ್ ಇಳಿಯುತ್ತದೆ. ಅದಕ್ಕೇ ಕೆಗ್ ಕಳಚಿ ರೆಗ್ಯುಲೇಟರ್ ಮತ್ತು ಪೈಪನ್ನು ಮಾತ್ರ ಮೊದಲು ಪರೀಕ್ಷಿಸಿ. ಅದು ನಿಂತರೆ ದೋಷ ಕೆಗ್‌ನಲ್ಲಿ.

ಊರಿನಲ್ಲಿ ಅಡುಗೆ ಸಿಲಿಂಡರ್ ಬದಲಾಯಿಸಿದಾಗ ಅಮ್ಮ ವಾಷರ್ ಇದೆಯಾ ಅಂತ ನೋಡಿ, ಸೋಪಿನ ನೀರು ಹಚ್ಚುತ್ತಿದ್ದರು. ಇಲ್ಲೂ ಅದೇ ಕೆಲಸ. ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವಿನ ವಾಷರ್ ಮರೆತರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಸೋಪಿನ ನೀರನ್ನು ಪ್ರತಿ ಜೋಡಣೆಗೂ, ಮುಚ್ಚಳದ ಸುತ್ತಲೂ ಸಿಂಪಡಿಸಿ. ಮುಚ್ಚಳದಲ್ಲಿ ಗುಳ್ಳೆ ಬಂದರೆ ಸ್ವಲ್ಪ ಹೊತ್ತು 30 ಪಿಎಸ್‌ಐ ಕೊಟ್ಟು ಕೂರಿಸಿ, ಮತ್ತೆ ಇಳಿಸಿ.

ಸೋರಿಕೆಯನ್ನು ಬರೀ ದುಡ್ಡಿನ ನಷ್ಟ ಅಂತ ನೋಡಬೇಡಿ. 5 ಪೌಂಡ್ ಗ್ಯಾಸ್ ಹೊರಗೆ ಬಂದರೆ 1,200 ಲೀಟರ್ ದಾಟುತ್ತದೆ. ಹತ್ತಡಿಗೆ ಹತ್ತಡಿ ಇರುವ ಮುಚ್ಚಿದ ಕೋಣೆಯಲ್ಲಿ ಅಷ್ಟೂ ಸೋರಿದರೆ ಗಾಳಿಯಲ್ಲಿ ಅದರ ಪಾಲು ಸುಮಾರು ಶೇಕಡಾ 5 ಆಗುತ್ತದೆ. ಶೇಕಡಾ 4ಕ್ಕೇ ಜೀವಕ್ಕೆ ಅಪಾಯ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯ ಮಿತಿ ಹೇಳುತ್ತದೆ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ. ಇಲ್ಲಿನ ಬೇಸ್‌ಮೆಂಟ್‌ಗಳಲ್ಲಿ ಫ್ರಿಜ್ ಇಟ್ಟವರು, ಅಲ್ಲೇ ಮಕ್ಕಳು ಆಡುವ ಮನೆಯವರು, ದಯವಿಟ್ಟು ಒಂದು ಸಿಒ2 (ಕಾರ್ಬನ್ ಡೈಆಕ್ಸೈಡ್) ಅಲಾರ್ಮ್ ಹಾಕಿಸಿ. ಮನೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇದನ್ನು ಹಿಡಿಯುವುದಿಲ್ಲ.

ರುಚಿ ಕೆಟ್ಟರೆ

ಬಾಟಲಿಗೆ ತುಂಬಿದ್ದು ಚೆನ್ನಾಗಿದೆ, ನಲ್ಲಿಯದು ಬೆಣ್ಣೆ ವಾಸನೆ ಅಥವಾ ಹುಳಿ ಅಂದರೆ ದೋಷ ಬಿಯರಿನದಲ್ಲ, ಪೈಪಿನದು. ಒಳಗೋಡೆಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿವೆ. ಎರಡು ವಾರಕ್ಕೊಮ್ಮೆ ಬಿಯರ್ ಪೈಪಿನ ಕ್ಲೀನರ್ ಹಾಯಿಸಿ ಹದಿನೈದು ನಿಮಿಷ ಓಡಿಸಿ, ಆಮೇಲೆ ಬೇಕಾದಷ್ಟು ನೀರು ಬಿಡಿ. ಅದು ಕಾಸ್ಟಿಕ್, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ನಲ್ಲಿಯನ್ನೂ ಬಿಚ್ಚಿ ಬ್ರಷ್‌ನಲ್ಲಿ ಉಜ್ಜಿ, ಬಾಯಿಯ ಒಳಭಾಗ ಮುಖ್ಯ. 12 ಅಡಿ ಪೈಪಿನಲ್ಲಿ ನಿಲ್ಲುವುದು ಸುಮಾರು 65 ಮಿಲಿ ಬಿಯರ್. ನಾಲ್ಕು ದಿನ ಮುಟ್ಟದೆ ಇದ್ದರೆ ಅಷ್ಟನ್ನು ಸಿಂಕಿಗೆ ಬಿಟ್ಟು ಆಮೇಲೆ ಲೋಟ ಹಿಡಿಯಿರಿ.

ನಾವು ಕೈ ಹಾಕಬಾರದ ಎರಡು ಕಡೆ

ರಾತ್ರಿ 14ಕ್ಕೆ ಇಟ್ಟ ರೆಗ್ಯುಲೇಟರ್ ಬೆಳಗ್ಗೆ ತಾನಾಗೇ 20 ತೋರಿಸಿದರೆ ಅದರ ಒಳಗಿನ ಸೀಟು ಕೆಟ್ಟಿದೆ ಅಂತ. ಸಿಲಿಂಡರ್ ಮುಚ್ಚಿ, ಅದನ್ನು ಕಳಚಿ, ಬೇರೆ ತನ್ನಿ. ಇನ್ನೊಂದು ಸಿಲಿಂಡರಿನ ವಾಲ್ವ್. ಅದರ ಕಾಂಡದಲ್ಲೇ ಗುಳ್ಳೆ ಬಂದರೆ ಸ್ಪ್ಯಾನರ್ ಹಿಡಿಯಬೇಡಿ. ಸಿಲಿಂಡರನ್ನು ಮನೆಯ ಹೊರಗೆ, ನೆರಳಿನಲ್ಲಿ, ಬೀಳದ ಹಾಗೆ ನೇರ ನಿಲ್ಲಿಸಿ. ಗ್ಯಾಸ್ ತುಂಬಿಸಿಕೊಡುವ ಅಂಗಡಿಗೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ. ಸಾಗಿಸಲೇಬೇಕಾದರೆ ಕಿಟಕಿ ಇಳಿಸಿ, ಸಿಲಿಂಡರ್ ಉರುಳದ ಹಾಗೆ ಕಟ್ಟಿ, ನೇರ ಅಂಗಡಿಗೇ ಹೋಗಿ.